ಒಂದು ಮೂಗರ್ಜಿ ಕೋರ್ಟಿನಲ್ಲಿ ನಿಂತ ಬಗೆ: ‘ಇಲಿನಾಯ್ ವರ್ಸಸ್ ಗೇಟ್ಸ್’ ಪ್ರಕರಣ ಅಧ್ಯಯನ

1978ರ ಮೇ 3, ಬುಧವಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊ ನಗರದ ಹೊರವಲಯದ ಬ್ಲೂಮಿಂಗ್‌ಡೇಲ್ ಎಂಬ ಊರಿನ ಪೊಲೀಸ್ ಇಲಾಖೆಗೆ ಅಂಚೆಯಲ್ಲಿ ಕೈಬರಹದ ಒಂದು ಪತ್ರ ಬಂತು. ಬರೆದವರ ಹೆಸರಿಲ್ಲ, ಸಹಿಯಿಲ್ಲ. ಈ ಚಿಕ್ಕ ಪತ್ರ ಐದು ವರ್ಷಗಳ ನಂತರ ದೇಶದ ಸುಪ್ರೀಂ ಕೋರ್ಟಿನ ತೀರ್ಪಿನೊಳಗೆ ಅಕ್ಷರಶಃ ಅಚ್ಚಾಯಿತು. ಹೆಸರು ಹೇಳದೆ ಕೊಟ್ಟ ಸುಳಿವನ್ನು ಪೊಲೀಸರು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಇಂದಿಗೂ ಮೊದಲು ತೆರೆದು ನೋಡುವ ಪ್ರಕರಣ ಇದೇ.

ಪತ್ರದ ಸಾರ ಹೀಗಿತ್ತು. ನಿಮ್ಮ ಊರಿನಲ್ಲಿ ಒಂದು ದಂಪತಿ ಮಾದಕ ವಸ್ತು ಮಾರಿಯೇ ಬದುಕುತ್ತಿದ್ದಾರೆ. ಹೆಸರು ಇಂಥದ್ದು (ಪ್ರಕರಣದ ಹೆಸರಿನಲ್ಲಿರುವ ‘ಗೇಟ್ಸ್’ ಇವರದೇ ಉಪನಾಮ), ಮನೆ ಇಂಥ ಬೀದಿಯ ವಸತಿ ಸಮುಚ್ಚಯದಲ್ಲಿ. ಖರೀದಿ ಹೆಚ್ಚಾಗಿ ಫ್ಲೋರಿಡಾದಲ್ಲಿ. ಹೆಂಡತಿ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗಿ, ಸರಕು ತುಂಬಲು ಬಿಟ್ಟು, ತಾನು ವಿಮಾನದಲ್ಲಿ ಮರಳುತ್ತಾಳೆ. ಗಂಡ ವಿಮಾನದಲ್ಲಿ ಹೋಗಿ ಕಾರು ತರುತ್ತಾನೆ. ಮೇ 3ರಂದು ಅವಳು ಮತ್ತೆ ಹೊರಡುತ್ತಾಳೆ, ಕೆಲವು ದಿನಗಳಲ್ಲಿ ಅವನು ಹೋಗುತ್ತಾನೆ. ಬರುವಾಗ ಡಿಕ್ಕಿಯಲ್ಲಿ 1,00,000 ಡಾಲರಿಗೂ ಮೀರಿದ ಸರಕು ಇರುತ್ತದೆ. ನೆಲಮಾಳಿಗೆಯಲ್ಲಿ ಈಗಾಗಲೇ ಅಷ್ಟೇ ಬೆಲೆಯದ್ದು ಇದೆ. ದುಡಿಯುವ ಅಗತ್ಯವೇ ಇಲ್ಲವೆಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಸರಿಯಾಗಿ ಕಾದರೆ ದೊಡ್ಡ ಬೇಟೆ ಖಂಡಿತ. ದೊಡ್ಡ ದೊಡ್ಡ ವ್ಯಾಪಾರಿಗಳು ಇವರ ಮನೆಗೆ ಬಂದುಹೋಗುತ್ತಾರೆ.

ಇಷ್ಟನ್ನೇ ಓದಿದರೆ ಹೊಟ್ಟೆಕಿಚ್ಚಿನ ನೆರೆಯವರ ಬರಹ ಎನ್ನಿಸಿದರೂ ಆಶ್ಚರ್ಯವಿಲ್ಲ. ಮೂಗರ್ಜಿ ಎಂಬ ಮಾತಿನಲ್ಲೇ ಅದರ ತೊಡಕು ಇದೆ: ಅದು ಮೂಕ ಅರ್ಜಿ. ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳಿದರೆ ಉತ್ತರ ಕೊಡಲು ಎದುರಿಗೆ ಯಾರೂ ಇಲ್ಲ. ಹಾಗಿದ್ದೂ ಈ ಪತ್ರ ನಾಲ್ಕೇ ದಿನಗಳಲ್ಲಿ ಫಲ ಕೊಟ್ಟಿತು.

ಆ ನಾಲ್ಕು ದಿನ

ಪೊಲೀಸ್ ಮುಖ್ಯಸ್ಥರು ಪತ್ರವನ್ನು ಒಬ್ಬ ಪತ್ತೇದಾರರಿಗೆ ಒಪ್ಪಿಸಿದರು. ಅವರು ಮೊದಲು ರಾಜ್ಯದ ದಾಖಲೆ ತೆಗೆಸಿ ಆ ಹೆಸರಿನಲ್ಲಿ ವಾಹನ ಚಾಲನಾ ಪರವಾನಗಿ ಇರುವುದನ್ನು ಖಚಿತಪಡಿಸಿಕೊಂಡರು. ಬಾತ್ಮೀದಾರರೊಬ್ಬರು ಹಣಕಾಸಿನ ದಾಖಲೆ ನೋಡಿ ಇನ್ನೂ ಹೊಸ ವಿಳಾಸ ಕೊಟ್ಟರು. ಆಮೇಲೆ ಓಹೇರ್ ವಿಮಾನ ನಿಲ್ದಾಣದ ಪೊಲೀಸ್ ಅಧಿಕಾರಿಯಿಂದ ನಿರ್ಣಾಯಕ ವಿವರ ಸಿಕ್ಕಿತು: ಮೇ 5ರ ಸಂಜೆ 4.15ಕ್ಕೆ ಹೊರಡುವ ಈಸ್ಟರ್ನ್ ಏರ್‌ಲೈನ್ಸ್‌ನ 245ನೇ ವಿಮಾನದಲ್ಲಿ ವೆಸ್ಟ್ ಪಾಮ್ ಬೀಚ್‌ಗೆ ಅದೇ ಉಪನಾಮದ, ಅದೇ ಮೊದಲಕ್ಷರದ ಪ್ರಯಾಣಿಕನ ಹೆಸರಿನಲ್ಲಿ ಸೀಟು ಕಾಯ್ದಿರಿಸಲಾಗಿದೆ.

ಇಲ್ಲಿಂದ ಮುಂದೆ ಕೆಲಸ ಕೇಂದ್ರ ಮಾದಕ ವಸ್ತು ನಿಗ್ರಹ ಸಂಸ್ಥೆಯ ಕಣ್ಗಾವಲಿನದು. ಗಂಡ ವಿಮಾನ ಹತ್ತಿದ. ಫ್ಲೋರಿಡಾದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಹತ್ತಿರದ ಒಂದು ಮೋಟೆಲ್‌ಗೆ ಹೋದ. ಅವನು ಹೊಕ್ಕ ಕೋಣೆ ಹೆಂಡತಿಯ ಹೆಸರಿನಲ್ಲಿತ್ತು. ಮರುದಿನ ಬೆಳಿಗ್ಗೆ 7ಕ್ಕೆ ಅವನೂ ಒಬ್ಬ ಮಹಿಳೆಯೂ ಇಲಿನಾಯ್ ನೋಂದಣಿ ಫಲಕದ ಮರ್ಕ್ಯುರಿ ಕಾರಿನಲ್ಲಿ ಉತ್ತರದ ಹೆದ್ದಾರಿ ಹಿಡಿದರು. ಆ ಫಲಕದ ಸಂಖ್ಯೆ ಗಂಡನ ಹೆಸರಿನಲ್ಲೇ ಇತ್ತು, ಆದರೆ ದಾಖಲೆಯಲ್ಲಿದ್ದದ್ದು ಹಾರ್ನೆಟ್ ಎಂಬ ಬೇರೆಯೇ ಗಾಡಿ. ಅಲ್ಲಿಂದ ಬ್ಲೂಮಿಂಗ್‌ಡೇಲ್‌ಗೆ 22ರಿಂದ 24 ಗಂಟೆಗಳ ಹಾದಿ.

ಕಾರು ದಾರಿಯಲ್ಲಿರುವಾಗಲೇ ಪತ್ತೇದಾರರು ಇಷ್ಟೂ ಸಂಗತಿಗಳನ್ನು ಅಫಿಡವಿಟ್‌ನಲ್ಲಿ ಬರೆದು, ಪತ್ರದ ಪ್ರತಿಯನ್ನು ಜೊತೆಗಿಟ್ಟು, ಡ್ಯುಪೇಜ್ ಕೌಂಟಿಯ ನ್ಯಾಯಾಧೀಶರ ಮುಂದೆ ಇಟ್ಟರು. ಮನೆ ಮತ್ತು ಕಾರು ಎರಡಕ್ಕೂ ಶೋಧನಾ ವಾರಂಟ್ ಸಿಕ್ಕಿತು. ಮೇ 7ರ ಭಾನುವಾರ ಬೆಳಗಿನ ಜಾವ 5.15ಕ್ಕೆ ಕಾರು ಮನೆ ಮುಂದೆ ಬಂದು ನಿಂತಿತು. ಗಂಡ ಶಿಕಾಗೊದಿಂದ ವಿಮಾನ ಹತ್ತಿ ಸುಮಾರು 36 ಗಂಟೆ ಆಗಿತ್ತು. ಡಿಕ್ಕಿಯಲ್ಲಿ ಸುಮಾರು 350 ಪೌಂಡ್, ಅಂದರೆ 159 ಕಿಲೋ ಆಸುಪಾಸು ಗಾಂಜಾ ಸಿಕ್ಕಿತು. ಮನೆಯಲ್ಲಿ ಇನ್ನಷ್ಟು ಗಾಂಜಾ, ಆಯುಧಗಳು ಸಿಕ್ಕವು.

ಸಿಕ್ಕಿದ್ದೆಲ್ಲ ಕೈತಪ್ಪುವುದರಲ್ಲಿತ್ತು

ಸುಳಿವು ಕೊಡುವವರು ಸಾಮಾನ್ಯವಾಗಿ ಯೋಚಿಸುವುದು ಬಂಧನದವರೆಗೆ ಮಾತ್ರ. ಈ ಪ್ರಕರಣದಲ್ಲಿ ಬಂಧನದ ನಂತರ ಐದು ವರ್ಷ ಜಗ್ಗಾಟ ನಡೆಯಿತು. ವಿಚಾರಣಾ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ, ರಾಜ್ಯದ ಸುಪ್ರೀಂ ಕೋರ್ಟ್ ಮೂರೂ ಒಂದೇ ಮಾತು ಹೇಳಿದವು: ವಾರಂಟ್‌ಗೆ ಸಾಕಷ್ಟು ಆಧಾರ ಇರಲಿಲ್ಲ, ಆದ್ದರಿಂದ ವಶಪಡಿಸಿಕೊಂಡದ್ದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ.

ಕಾರಣ, ಆಗ ಜಾರಿಯಲ್ಲಿದ್ದ ಎರಡು ಕಾಲಿನ ಪರೀಕ್ಷೆ. 1964ರ ಅಗ್ವಿಲಾರ್ ಮತ್ತು 1969ರ ಸ್ಪಿನೆಲ್ಲಿ ತೀರ್ಪುಗಳಿಂದ ಬಂದ ಈ ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಮಾಹಿತಿ ಕೊಟ್ಟವರಿಗೆ ಅದು ಗೊತ್ತಾದದ್ದು ಹೇಗೆ? ಅವರನ್ನು ನಂಬಲು ಕಾರಣವೇನು? ಬ್ಲೂಮಿಂಗ್‌ಡೇಲ್‌ನ ಪತ್ರದಲ್ಲಿ ಎರಡಕ್ಕೂ ಒಂದು ಅಕ್ಷರದ ಉತ್ತರವಿರಲಿಲ್ಲ.

1983ರ ಜೂನ್ 8ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಎರಡು ಕಾಲಿನ ಪರೀಕ್ಷೆಯನ್ನು ಕೈಬಿಟ್ಟು, ಎಲ್ಲ ಸಂದರ್ಭಗಳನ್ನು ಒಟ್ಟಿಗೆ ತೂಗಬೇಕು ಎಂದರು. ಪತ್ರವೊಂದನ್ನೇ ಇಟ್ಟುಕೊಂಡಿದ್ದರೆ ವಾರಂಟ್ ಸಲ್ಲುತ್ತಿರಲಿಲ್ಲ ಎಂಬುದನ್ನು ಅವರೂ ಒಪ್ಪಿದರು. ಅದನ್ನು ಎತ್ತಿ ನಿಲ್ಲಿಸಿದ್ದು ಪೊಲೀಸರ ಸ್ವತಂತ್ರ ಪರಿಶೀಲನೆ. ಪರಿಶೀಲನೆಗೆ ಎಡೆ ಕೊಟ್ಟದ್ದು ಪತ್ರದ ಕೆಲವು ಸಾಲುಗಳು. ಯಾವ ಸಾಲುಗಳು ಎಂಬುದೇ ನಮಗೆ ಬೇಕಾದ ಪಾಠ.

ಯಾವ ಸಾಲು ಕೆಲಸ ಮಾಡಿತು

ಪತ್ರವನ್ನು ಸಾಲು ಸಾಲಾಗಿ ಬಿಡಿಸಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಬರೆದವರ ಸಹಾಯವಿಲ್ಲದೆ ಇನ್ನೊಬ್ಬರು ಇದನ್ನು ಪರೀಕ್ಷಿಸಿ ನೋಡಬಹುದೇ?

ಹೆಸರು ಮತ್ತು ಬೀದಿ: ನೋಡಬಹುದು, ಒಂದು ದಿನದ ಕೆಲಸ. ಆದರೆ ಇದರಿಂದ ಸಿಗುವ ಬಲ ಕಡಿಮೆ. ಅವರು ಅಲ್ಲಿ ವಾಸಿಸುತ್ತಾರೆ ಎಂಬುದು ಎದುರು ಮನೆಯವರಿಗೂ ಗೊತ್ತು. ಜಂಬ ಕೊಚ್ಚಿಕೊಳ್ಳುತ್ತಾರೆ, ದುಡಿಯದೆ ಬದುಕುತ್ತಾರೆ: ಪರೀಕ್ಷಿಸಲಾಗದು, ಪರೀಕ್ಷಿಸಿದರೂ ಅಪರಾಧವಲ್ಲ. ಬೇಟೆ ಖಂಡಿತ: ಇದು ಬರೆದವರ ಆತುರವನ್ನಷ್ಟೇ ತೋರಿಸುತ್ತದೆ, ಸುಳ್ಳು ದೂರಿನಲ್ಲೂ ಇದೇ ವಾಕ್ಯ ಇರುತ್ತದೆ. ದೊಡ್ಡ ವ್ಯಾಪಾರಿಗಳು ಬಂದುಹೋಗುತ್ತಾರೆ: ಯಾರು, ಯಾವ ಗಾಡಿಯಲ್ಲಿ, ಯಾವ ವಾರ, ಎಷ್ಟು ಹೊತ್ತು ಎಂಬ ಒಂದು ವಿವರ ಇದ್ದರೂ ಚಿನ್ನವಾಗುತ್ತಿದ್ದ ಸಾಲು ವ್ಯರ್ಥವಾಯಿತು. ಲಕ್ಷ ಡಾಲರ್ ಲೆಕ್ಕವೂ ಅಷ್ಟೇ. ಬೆಲೆ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಕಂಡದ್ದು ಚೀಲವೇ, ಪೆಟ್ಟಿಗೆಯೇ, ಎಷ್ಟು, ಯಾವ ಗಾತ್ರ, ಯಾವ ವಾಸನೆ ಎಂದು ಬರೆದರೆ ಅದು ಸಾಕ್ಷಿಯ ಮಾತಾಗುತ್ತದೆ.

ಉಳಿದದ್ದು ಪ್ರಯಾಣದ ಸಾಲು. ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ಅದರಲ್ಲಿ ದಿನಾಂಕವಿದೆ, ದಿಕ್ಕಿದೆ, ಯಾರು ಯಾವ ವಾಹನದಲ್ಲಿ ಎಂಬ ಕ್ರಮವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಇನ್ನೂ ನಡೆಯದ ಸಂಗತಿಯನ್ನು ಹೇಳುತ್ತದೆ. ನಡೆದುಹೋದದ್ದನ್ನು ಯಾರೂ ನೋಡಿ ಬರೆಯಬಹುದು. ಬೇರೊಬ್ಬರು ಮುಂದಿನ ವಾರ ಎಲ್ಲಿಗೆ, ಹೇಗೆ ಹೋಗುತ್ತಾರೆ ಎಂದು ಬರೆಯಬೇಕಾದರೆ ಅವರ ಒಳಮಾತು ಕಿವಿಗೆ ಬಿದ್ದಿರಬೇಕು. ಶಿಕಾಗೊದವರು ಫ್ಲೋರಿಡಾಗೆ ಹೋಗುವುದು ತಪ್ಪಲ್ಲ, ದಿನವೂ ನೂರಾರು ಜನ ಹೋಗುತ್ತಾರೆ. ಆದರೆ ಒಬ್ಬರು ಕಾರಿನಲ್ಲಿ ಹೋಗಿ ಇನ್ನೊಬ್ಬರು ವಿಮಾನದಲ್ಲಿ ಹೋಗಿ, ಒಂದೇ ರಾತ್ರಿ ತಂಗಿ, ಬೆಳಗಾಗುತ್ತಲೇ 22 ಗಂಟೆಗಳ ಹಾದಿ ಹಿಡಿಯುತ್ತಾರೆಂದರೆ ಅದು ವಿಹಾರದ ಲಕ್ಷಣವಲ್ಲ. ಪತ್ರ ಹೇಳಿದ ಕ್ರಮದಲ್ಲೇ ಅದು ನಡೆದಾಗ, ಬರೆದವರಿಗೆ ಉಳಿದದ್ದೂ ಗೊತ್ತಿರಬೇಕು ಎಂದು ಕೋರ್ಟು ತರ್ಕಿಸಿತು. ಇಂಥ ತರ್ಕ 1959ರ ಡ್ರೇಪರ್ ಪ್ರಕರಣದಲ್ಲಿ ಮೊದಲೇ ಬಂದಿತ್ತು. ಅಲ್ಲಿ ಬಾತ್ಮೀದಾರ ಪೊಲೀಸರಿಗೆ ಪರಿಚಿತನಾಗಿದ್ದ. ಆರೋಪಿ ಶಿಕಾಗೊದಿಂದ ಡೆನ್ವರ್‌ಗೆ ಎರಡು ದಿನಗಳಲ್ಲಿ ಒಂದು ದಿನ ರೈಲಿನಲ್ಲಿ ಬಂದಿಳಿಯುತ್ತಾನೆ, ಇಂಥ ಉಡುಪಿರುತ್ತದೆ, ಕೈಯಲ್ಲಿ ಕಂದು ಚೀಲವಿರುತ್ತದೆ, ಬಿರಬಿರನೆ ನಡೆಯುತ್ತಾನೆ ಎಂದಿದ್ದ. ಹಾಗೆಯೇ ಆಯಿತು.

ಗುರುತು ಹೇಳುವುದು ಬೇರೆ, ಅಪರಾಧ ಹೇಳುವುದು ಬೇರೆ. ಈ ವ್ಯತ್ಯಾಸ ಸ್ಪಷ್ಟವಾದದ್ದು ‘ಫ್ಲೋರಿಡಾ ವರ್ಸಸ್ ಜೆ.ಎಲ್.’ ಪ್ರಕರಣದಲ್ಲಿ. ಇಂಥ ಬಸ್ ನಿಲ್ದಾಣದಲ್ಲಿ, ಚೌಕಳಿ ಅಂಗಿ ತೊಟ್ಟ ಯುವಕನ ಬಳಿ ಬಂದೂಕಿದೆ ಎಂದು ಹೆಸರು ಹೇಳದ ಒಂದು ಕರೆ ಬಂತು. ಪೊಲೀಸರು ಹೋದರು, ಚೌಕಳಿ ಅಂಗಿಯ ಹುಡುಗ ಇದ್ದ, ತಡವಿದಾಗ ಬಂದೂಕೂ ಸಿಕ್ಕಿತು. ಆದರೂ 2000ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಸಾಕ್ಷ್ಯವನ್ನು ತಳ್ಳಿಹಾಕಿತು. ಅಂಗಿಯ ವಿವರ ಸರಿ ಇತ್ತೆಂದರೆ ಕರೆ ಮಾಡಿದವರಿಗೆ ಆ ಹುಡುಗ ಕಣ್ಣಿಗೆ ಬಿದ್ದಿದ್ದ ಎಂದಷ್ಟೇ ಅರ್ಥ. ಬಂದೂಕು ಇರುವುದು ಹೇಗೆ ಗೊತ್ತಾಯಿತು ಎಂಬುದು ಕರೆಯಲ್ಲಿ ಇರಲಿಲ್ಲ. ‘ಅಂಗಿ ಎತ್ತಿದಾಗ ಸೊಂಟದಲ್ಲಿ ಕಪ್ಪು ಹಿಡಿಕೆ ಕಂಡೆ’ ಎಂಬಂಥ ಒಂದು ವಾಕ್ಯ ಇದ್ದಿದ್ದರೆ ತೂಕ ಬೇರೆಯಾಗುತ್ತಿತ್ತು.

2014ರ ನವರೆಟ್ಟೆ ಪ್ರಕರಣ ಇದಕ್ಕೆ ಪ್ರತಿಯಾದ ಉದಾಹರಣೆ. ಹೆದ್ದಾರಿಯಲ್ಲಿ ಪಿಕಪ್ ಗಾಡಿಯೊಂದು ತನ್ನನ್ನು ರಸ್ತೆಯಿಂದಾಚೆ ತಳ್ಳಿತು ಎಂದು ತುರ್ತು ಸಂಖ್ಯೆಗೆ ಕರೆ ಬಂತು. ಗಾಡಿಯ ಮಾದರಿ, ಬಣ್ಣ, ನೋಂದಣಿ ಸಂಖ್ಯೆ, ಸ್ಥಳ, ಎಷ್ಟು ನಿಮಿಷದ ಹಿಂದೆ ಎಂಬುದೆಲ್ಲ ಅದರಲ್ಲಿತ್ತು. ಕರೆ ಮಾಡಿದವರು ಯಾರೆಂಬುದನ್ನು ನ್ಯಾಯಾಲಯ ಪರಿಗಣಿಸಲಿಲ್ಲ. ಆದರೂ ಅದು ಸ್ವಂತ ಅನುಭವದ, ಆಗತಾನೆ ನಡೆದ ಘಟನೆಯ ವರದಿ ಎಂಬುದು ಮಾತಿನಲ್ಲೇ ಇತ್ತು. 5–4ರಲ್ಲಿ ಅದು ನಿಂತಿತು. ಐದಕ್ಕೆ ನಾಲ್ಕು ಎಂಬ ಅಂತರ ನೋಡಿದರೆ, ಎಷ್ಟು ವಿವರವಿದ್ದರೂ ಹೆಸರಿಲ್ಲದ ಮಾತಿಗೆ ನೆಲ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ.

ಪತ್ರದಲ್ಲಿ ಇರಬೇಕಾಗಿದ್ದದ್ದು

ಬರೆದವರಿಗೆ ದಂಪತಿಯ ಪ್ರಯಾಣದ ಕ್ರಮ ಗೊತ್ತಿತ್ತು, ಆದರೆ ಕಾರಿನ ಬಣ್ಣ, ಮಾದರಿ, ಸಂಖ್ಯೆ ಒಂದನ್ನೂ ಬರೆಯಲಿಲ್ಲ. ಮನೆ ಸಂಖ್ಯೆ ಇಲ್ಲ. ಫ್ಲೋರಿಡಾ ಎಂದರೆ ನೂರಾರು ಮೈಲಿ ಉದ್ದದ ರಾಜ್ಯ. ಯಾವ ಊರು ಎಂಬುದಿಲ್ಲ. ವಿಮಾನದ ಸೀಟು ಅವನದೇ ಉಪನಾಮದಲ್ಲಿ ಇರದಿದ್ದರೆ ಜಾಡು ಅಲ್ಲೇ ತಪ್ಪುತ್ತಿತ್ತು. ಮನೆಯಲ್ಲಿ ಆಯುಧ ಸಿಕ್ಕಿತು, ಪತ್ರದಲ್ಲಿ ಆ ಸುದ್ದಿಯಿಲ್ಲ. ಆಯುಧ ಇದೆಯೇ, ಮಕ್ಕಳು ಅಥವಾ ವಯಸ್ಸಾದವರು ಇದ್ದಾರೆಯೇ, ನಾಯಿ ಇದೆಯೇ, ಎಷ್ಟು ಬಾಗಿಲು ಎಂಬುದು ಗೊತ್ತಿದ್ದರೆ ತಪ್ಪದೆ ಬರೆಯಬೇಕು. ಅಪರಾಧ ಸಾಬೀತಿಗೆ ಅದು ಬೇಕಾಗದಿರಬಹುದು, ಆದರೆ ಬಾಗಿಲು ತಟ್ಟುವವರ ಪ್ರಾಣವೂ ಒಳಗಿರುವವರ ಪ್ರಾಣವೂ ಅದರ ಮೇಲೆ ನಿಂತಿರುತ್ತವೆ.

‘ಹೇಗೆ ಗೊತ್ತು’ ಎಂಬ ಒಂದು ಸಾಲು ಇದ್ದಿದ್ದರೆ ಐದು ವರ್ಷದ ಜಗ್ಗಾಟದ ಬಹುಪಾಲು ತಪ್ಪುತ್ತಿತ್ತು. ಅದಕ್ಕೆ ಹೆಸರು ಬರೆಯಬೇಕಾಗಿಲ್ಲ. ‘ನೆಲಮಾಳಿಗೆಯ ಸರಕನ್ನು ನಾನೇ ಕಂಡಿದ್ದೇನೆ, ಕಳೆದ ತಿಂಗಳು’ ಎಂಬುದಕ್ಕೂ, ‘ಅವರ ಬಾಯಿಂದ ಕೇಳಿದ್ದೇನೆ’ ಎಂಬುದಕ್ಕೂ, ‘ಅವರಿವರು ಹೇಳುತ್ತಾರೆ’ ಎಂಬುದಕ್ಕೂ ಅಜಗಜಾಂತರ. ಮೂರೂ ಉಪಯುಕ್ತವೇ, ಆದರೆ ಯಾವುದು ಯಾವುದೆಂದು ಬೇರೆ ಮಾಡಿ ಹೇಳಿದಾಗ ಮಾತ್ರ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಪ್ಯಾರಾ ಮಾಡಿ ಬರೆಯುವುದೇ ಒಳ್ಳೆಯ ರೂಢಿ.

ಇನ್ನು ಸಮಯ. ಮೇ 3ರ ಘಟನೆಯನ್ನು ಅಂಚೆಯಲ್ಲಿ ತಿಳಿಸಿದ್ದು ದೊಡ್ಡ ಅಪಾಯ. ಪತ್ರ ತಲುಪಿದ್ದೇ ಹೆಂಡತಿ ಹೊರಡುವಳೆಂದು ಬರೆದ ದಿನ. ಅವಳು ಕಾರಿನಲ್ಲಿ ಹೊರಟದ್ದನ್ನು ಯಾರೂ ಕಣ್ಣಾರೆ ಕಾಣಲಿಲ್ಲ; ಮೋಟೆಲ್ ಕೋಣೆ ಅವಳ ಹೆಸರಿನಲ್ಲಿದ್ದದ್ದರಿಂದ ಊಹಿಸಬೇಕಾಯಿತು. ಇನ್ನೆರಡು ದಿನ ತಡವಾಗಿದ್ದರೆ ಗಂಡನ ವಿಮಾನವೂ ಹಾರಿಹೋಗಿರುತ್ತಿತ್ತು. ವಾರದೊಳಗೆ ನಡೆಯುವ ಸಂಗತಿಯಾದರೆ ದೂರವಾಣಿ ಅಥವಾ ಸುಳಿವು ಸ್ವೀಕರಿಸುವ ಅಧಿಕೃತ ವ್ಯವಸ್ಥೆಯೇ ಸರಿ. ತಿಂಗಳುಗಟ್ಟಲೆ ನಡೆಯುವ ಅಭ್ಯಾಸದ ವಿವರಕ್ಕೆ ಪತ್ರ ಸಾಕು. ಈ ಕ್ಷಣ ಯಾರದೋ ಜೀವಕ್ಕೆ ಅಪಾಯವಿದ್ದರೆ ಎರಡೂ ಅಲ್ಲ, ತುರ್ತು ಸಂಖ್ಯೆ. ಅಲ್ಲಿ ಕರೆಯ ಸಂಖ್ಯೆ ದಾಖಲಾಗುತ್ತದೆ ಎಂಬುದನ್ನು ತಿಳಿದೇ ಕರೆ ಮಾಡಬೇಕು.

ಒಂದು ತಪ್ಪು ಸಾಲು, ಮೂರು ಭಿನ್ನಮತ

ಭಿನ್ನಮತದ ಮೂವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಸ್ಟೀವನ್ಸ್ ಕೈಯಿಟ್ಟದ್ದು ಪತ್ರದ ತಪ್ಪಿನ ಮೇಲೆ. ಹೆಂಡತಿ ವಿಮಾನದಲ್ಲಿ ಮರಳುತ್ತಾಳೆ ಎಂದು ಬರೆದಿತ್ತು, ಮರಳಲಿಲ್ಲ. ಪತ್ರದ ಪ್ರಕಾರ ಗಂಡ ಹೆಂಡತಿಯಲ್ಲಿ ಒಬ್ಬರು ಸದಾ ಮನೆಯಲ್ಲಿರುವಂತೆ ಕಾಣುತ್ತದೆ. ನೆಲಮಾಳಿಗೆಯಲ್ಲಿ ಲಕ್ಷ ಡಾಲರಿನ ಸರಕಿದ್ದರೆ ಕಾಯುವವರು ಬೇಕಲ್ಲ. ಇಬ್ಬರೂ ಮನೆ ಬಿಟ್ಟು ಹೋಗಿದ್ದಾರೆಂದರೆ ಒಳಗೆ ಸರಕಿದೆ ಎಂಬ ಮಾತೇ ಸಡಿಲವಾಗುತ್ತದೆ ಎಂಬುದು ಅವರ ವಾದ. ಬಹುಮತ ಇದನ್ನು ಒಪ್ಪಲಿಲ್ಲ, ಆದರೆ ವಾದ ಬಲವಾಗಿದೆ. ತಪ್ಪಾದದ್ದು ಇಷ್ಟೇ: ಹಿಂದಿನ ಅಭ್ಯಾಸವನ್ನೂ ಮುಂದಿನ ಯೋಜನೆಯನ್ನೂ ಬರೆದವರು ಒಂದೇ ಉಸಿರಿನಲ್ಲಿ, ಒಂದೇ ಖಚಿತತೆಯಲ್ಲಿ ಹೇಳಿಬಿಟ್ಟರು. ‘ಹಿಂದೆಲ್ಲ ಅವಳು ವಿಮಾನದಲ್ಲಿ ಮರಳುತ್ತಿದ್ದಳು, ಈ ಸಲದ್ದು ಗೊತ್ತಿಲ್ಲ’ ಎಂದಿದ್ದರೆ ತಪ್ಪೇ ಇರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಸುಳಿವು ದುರ್ಬಲವಾಗುವುದಿಲ್ಲ. ತನಿಖೆ ಮಾಡುವವರು ಅಂಥ ಸಾಲನ್ನು ಕಂಡಾಗ ಉಳಿದ ಸಾಲುಗಳನ್ನು ಹೆಚ್ಚು ನಂಬುತ್ತಾರೆ.

ಬರೆದವರ ಸುರಕ್ಷತೆ

ಪತ್ರದ ಪ್ರತಿ ನ್ಯಾಯಾಧೀಶರ ಕೈಗೆ ಹೋಯಿತು, ಆರೋಪಿಗಳ ವಕೀಲರು ಓದಿದರು, ಕೊನೆಗೆ ತೀರ್ಪಿನಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಹೆಸರಿಲ್ಲದೆ ಬರೆಯುವವರು ನೆನಪಿಡಬೇಕಾದದ್ದು ಇದನ್ನೇ: ಯಾರ ವಿರುದ್ಧ ಬರೆಯುತ್ತಿದ್ದೀರೋ ಅವರು ಒಂದು ದಿನ ಇದನ್ನು ಓದುತ್ತಾರೆ ಎಂದುಕೊಂಡೇ ಬರೆಯಿರಿ.

ಕೈಬರಹ, ಅಂಚೆ ಮುದ್ರೆ, ಪದೇ ಪದೇ ಬಳಸುವ ನುಡಿಗಟ್ಟುಗಳು ಗುರುತು ಕೊಡುತ್ತವೆ. ಇಂದು ಇವುಗಳ ಜೊತೆ ಫೋಟೊದೊಳಗೆ ಅಡಗಿರುವ ಸ್ಥಳ ಮತ್ತು ಸಮಯದ ದಾಖಲೆ, ಕಚೇರಿಯ ಕಂಪ್ಯೂಟರ್ ಜಾಲ, ಸ್ವಂತ ಫೋನ್ ಸಂಖ್ಯೆ ಸೇರಿವೆ. ಆದರೆ ಎಲ್ಲಕ್ಕಿಂತ ಬೇಗ ಗುರುತು ಕೊಡುವುದು ವಿಷಯವೇ. ಪ್ರಯಾಣದ ದಿನಾಂಕ ನಾಲ್ಕೇ ಜನರಿಗೆ ಗೊತ್ತಿದ್ದರೆ, ಓದಿದ ಕ್ಷಣ ಅನುಮಾನ ಆ ನಾಲ್ವರ ಮೇಲೆ. ಇಲ್ಲಿ ಒಂದು ಆಯ್ಕೆ ಮಾಡಬೇಕಾಗುತ್ತದೆ, ಅದು ಸುಲಭದ್ದಲ್ಲ. ತೋರಿಸಿಕೊಟ್ಟರೆ ಪೊಲೀಸರು ತಾವಾಗಿಯೇ ಕಂಡುಕೊಳ್ಳಬಹುದಾದ ವಿವರವನ್ನು, ಅಂದರೆ ಗಾಡಿ, ಸಂಖ್ಯೆ, ಜಾಗ, ಹೊತ್ತು ಇವುಗಳನ್ನು, ಧಾರಾಳವಾಗಿ ಕೊಡಿ. ಮನೆಯೊಳಗೆ ಇಂಥ ದಿನ ಇಂಥವರ ಮುಂದೆ ಆಡಿದ ಮಾತನ್ನು ಹಾಗೆಯೇ ಇಳಿಸಬೇಡಿ. ‘ಅವರ ಮಾತಿನಿಂದ ತಿಳಿದದ್ದು’ ಎಂದರೆ ಸಾಕು.

ಇನ್ನೂ ಒಂದು ಗೆರೆ ಇದೆ. 1957ರ ರೊವಿಯಾರೊ ತೀರ್ಪಿನ ಪ್ರಕಾರ ಬಾತ್ಮೀದಾರರ ಗುರುತನ್ನು ಮುಚ್ಚಿಡುವ ಸರ್ಕಾರದ ಹಕ್ಕಿಗೆ ಮಿತಿಯಿದೆ. ಆರೋಪಿಯ ರಕ್ಷಣೆಗೆ ಆ ವ್ಯಕ್ತಿಯ ಸಾಕ್ಷ್ಯ ಅಗತ್ಯವಾದರೆ ಹೆಸರು ಹೊರಬರಬೇಕಾಗುತ್ತದೆ. ಆ ಪ್ರಕರಣದ ಬಾತ್ಮೀದಾರ ವ್ಯವಹಾರದಲ್ಲಿ ಸ್ವತಃ ಪಾಲುಗೊಂಡಿದ್ದ. ಬರೀ ಸುಳಿವು ಕೊಟ್ಟವರ ಸ್ಥಿತಿ ಬೇರೆ. 1967ರ ಮೆಕ್‌ಕ್ರೇ ಪ್ರಕರಣದಲ್ಲಿ ಅಂಥವರ ಹೆಸರನ್ನು ಹೇಳಬೇಕಾಗಿಲ್ಲ ಎಂದು ಕೋರ್ಟ್ ಒಪ್ಪಿತು. ಆದ್ದರಿಂದ ಪುರಾವೆಗಾಗಿ ಸರಕು ಕೊಳ್ಳುವುದು, ಡಿಕ್ಕಿ ತೆರೆದು ನೋಡುವುದು, ಜೊತೆಯಲ್ಲಿ ಪ್ರಯಾಣ ಮಾಡುವುದು ಯಾವುದೂ ಬೇಡ. ನೋಡುಗರಾಗಿ ಇರುವವರೆಗೆ ಮಾತ್ರ ಅನಾಮಧೇಯತೆಗೆ ಕಾವಲಿರುತ್ತದೆ. ತಿಳಿದೂ ಸುಳ್ಳು ಸುಳಿವು ಕೊಟ್ಟರೆ ಯಾವ ಕಾವಲೂ ಇಲ್ಲ; ಅದು ತಾನೇ ಒಂದು ಅಪರಾಧ, ನಿರಪರಾಧಿಯ ಮನೆ ಬಾಗಿಲು ಮುರಿಯಬಲ್ಲ ಅಪರಾಧ.

ಎರಡನೆಯ ಪತ್ರ

ಬ್ಲೂಮಿಂಗ್‌ಡೇಲ್‌ನ ಪತ್ರಕ್ಕೆ ಎರಡು ವರ್ಷ ಮೊದಲೇ, 1976ರಲ್ಲಿ, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಪೊಲೀಸ್ ಪತ್ತೇದಾರ ಗ್ರೆಗ್ ಮೆಕ್‌ಅಲೀಸ್ ‘ಕ್ರೈಮ್ ಸ್ಟಾಪರ್ಸ್’ ಎಂಬ ವ್ಯವಸ್ಥೆ ಶುರು ಮಾಡಿದ್ದರು. ಕೊಲೆಯೊಂದರ ಮರುಚಿತ್ರಣವನ್ನು ಟಿವಿಯಲ್ಲಿ ತೋರಿಸಿ, ಹೆಸರು ಹೇಳದೆ ಕರೆ ಮಾಡಿ ಎಂದು ಕೇಳಿಕೊಂಡದ್ದು ಅದರ ಆರಂಭ. ಮುಂದೆ ಹಲವು ದೇಶಗಳಿಗೆ ಹಬ್ಬಿದ ಈ ವ್ಯವಸ್ಥೆಯಲ್ಲಿ ಕರೆ ಮಾಡಿದವರಿಗೆ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಬಹುಮಾನಕ್ಕಿಂತ ಈ ಸಂಖ್ಯೆಯೇ ದೊಡ್ಡದು. ಅದೇ ಸಂಖ್ಯೆ ಹೇಳಿ ಮತ್ತೆ ಕರೆ ಮಾಡಬಹುದು, ಅಧಿಕಾರಿಗಳು ಬಿಟ್ಟ ಪ್ರಶ್ನೆಗೆ ಉತ್ತರ ಕೊಡಬಹುದು, ಹೇಳಿದ್ದು ಬದಲಾದರೆ ತಿದ್ದಬಹುದು. ಮೂಕ ಅರ್ಜಿಗೆ ಬಾಯಿ ಬರುತ್ತದೆ.

ಈ ದಂಪತಿಯ ಪ್ರಕರಣದಲ್ಲಿ ಬರೆದವರಿಗೆ ಅಂಥ ದಾರಿ ಇದ್ದಿದ್ದರೆ ಅವರು ಹೇಳಬೇಕಾಗಿದ್ದದ್ದು ಹೆಚ್ಚೇನಿಲ್ಲ. ಮೇ 5ರ ಸಂಜೆಗೋ 6ಕ್ಕೋ ಎರಡು ಸಾಲು ಸಾಕಿತ್ತು: ಕಾರು ಮರ್ಕ್ಯುರಿ, ಅದಕ್ಕೆ ಹಾಕಿರುವುದು ಬೇರೆ ಗಾಡಿಯ ಸಂಖ್ಯಾ ಫಲಕ, ಹೆಂಡತಿ ಈ ಸಲ ವಿಮಾನದಲ್ಲಿ ಬಂದಿಲ್ಲ, ಮನೆ ಖಾಲಿಯಿದೆ.